ಪರಿಸರ ಪ್ರಬಂಧದ ಪುರಾವೆ ತೂಗುವುದು ಹೇಗೆ? ಮುಂಬೈಯ ಕನ್ನಡ ಶಿಕ್ಷಕರಿಗೆ, ಸ್ಪರ್ಧೆಯ ತೀರ್ಪುಗಾರರಿಗೆ ಸಮಗ್ರ ಮಾರ್ಗದರ್ಶಿ

ಮುಂಬೈ, ಠಾಣೆ, ಡೊಂಬಿವಲಿ, ನವಿ ಮುಂಬೈಯ ಕನ್ನಡ ಸಂಘಗಳ ಪ್ರಬಂಧ ಸ್ಪರ್ಧೆಗಳಿಗೆ ಪರಿಸರ ನೆಚ್ಚಿನ ವಿಷಯ. ಆರೆಯ ಮರಗಳು, ಮಿಠಿ ನದಿ, ದೇವನಾರದ ಕಸದ ಗುಡ್ಡ, ಪ್ಲಾಸ್ಟಿಕ್ ನಿಷೇಧ, ಗೋವಾ ಕಡೆಯವರಾದರೆ ಮಹದಾಯಿ ನದಿ ನೀರಿನ ವಿವಾದ. ಭಾಷೆ, ಶೈಲಿ, ಕಾಗುಣಿತಕ್ಕೆ ಅಂಕ ಕೊಡುವುದು ತೀರ್ಪುಗಾರರಿಗೆ ರೂಢಿಯಾಗಿದೆ. ಪುರಾವೆಯ ವಿಚಾರ ಬಂದಾಗ ಮಾತ್ರ ‘ಅಂಕಿಅಂಶ ಚೆನ್ನಾಗಿ ಕೊಟ್ಟಿದ್ದಾರೆ’ ಎಂಬ ಒಂದು ಸಾಲು ಬರೆದು ಮುಂದಿನ ಪ್ರಬಂಧಕ್ಕೆ ಕೈ ಹಾಕುತ್ತೇವೆ. ಇದರಿಂದ ನಷ್ಟವಾಗುವುದು ಪರಿಸರಕ್ಕೇ. ಮರ ಉಳಿಸಿ ಎಂಬ ವಾದವನ್ನು ಒಂದು ತಪ್ಪು ಸಂಖ್ಯೆಯ ಮೇಲೆ ನಿಲ್ಲಿಸಿದರೆ, ಎದುರು ಪಕ್ಷದವರು ಆ ಸಂಖ್ಯೆಯನ್ನು ಕೆಡವಿದರೆ ಸಾಕು, ವಾದವೂ ಬೀಳುತ್ತದೆ, ಮರವೂ ಬೀಳುತ್ತದೆ.

ಸಾವಿರ ಪದಗಳ ಒಂದು ಪ್ರಬಂಧಕ್ಕೆ ಸುಮಾರು 40 ನಿಮಿಷ ಬೇಕು. ಓದಲು 5, ಗುರುತು ಹಾಕಲು 10, ಪಟ್ಟಿ ಮಾಡಲು 10, ಉಳಿದ 15 ನಿಮಿಷ ಸಂಖ್ಯೆಗಳ ತಪಾಸಣೆಗೆ. ಐವತ್ತು ಪ್ರಬಂಧ ಬಂದಿದ್ದರೆ ಭಾಷೆಯ ಮೇಲೆ ಮೊದಲ ಜರಡಿ ಹಿಡಿದು, ಕೊನೆಗೆ ಉಳಿದ ಹತ್ತಕ್ಕೆ ಈ ಕ್ರಮ ಬಳಸಿ. ಮೂಲಪ್ರತಿಯ ಮೇಲೆ ಬರೆಯಬೇಡಿ, ಜೆರಾಕ್ಸ್ ಮಾಡಿಸಿಕೊಳ್ಳಿ. ಎರಡು ಬಣ್ಣದ ಪೆನ್ಸಿಲ್ ಇದ್ದರೆ ಸಾಕು.

ಮೊದಲ ಓದು, ಎರಡನೇ ಓದು

ಮೊದಲ ಸಲ ಪೆನ್ಸಿಲ್ ಹಿಡಿಯದೆ ಓದಿ. ಮುಗಿದ ಮೇಲೆ ‘ಈ ಪ್ರಬಂಧ ನನ್ನಿಂದ ಏನನ್ನು ಒಪ್ಪಿಸಲು ಹೊರಟಿದೆ?’ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಡಿ. ಆ ವಾಕ್ಯ ಬರೆಯಲಾಗದಿದ್ದರೆ ಪ್ರಬಂಧದಲ್ಲಿ ವಾದವೇ ಇಲ್ಲ, ಬರೀ ವರ್ಣನೆ ಇದೆ ಎಂದರ್ಥ. ಅದಕ್ಕೆ ಪುರಾವೆಯ ಅಂಕ ಕೊಡುವ ಪ್ರಶ್ನೆ ಬರುವುದಿಲ್ಲ.

ಎರಡನೇ ಓದಿನಲ್ಲಿ ಹೇಳಿಕೆಗಳಿಗೆ ಒಂದು ಬಣ್ಣ, ಪುರಾವೆಗಳಿಗೆ ಇನ್ನೊಂದು ಬಣ್ಣ. ಭಾವನೆಯ ಸಾಲುಗಳನ್ನು, ಎಂದರೆ ‘ಪ್ರಕೃತಿ ಮಾತೆ ಕಣ್ಣೀರಿಡುತ್ತಿದ್ದಾಳೆ’ ಎಂಬಂಥವನ್ನು, ಬಣ್ಣವಿಲ್ಲದೆ ಬಿಡಿ. ಅವು ತಪ್ಪಲ್ಲ. ಮನವೊಲಿಸುವ ಬರಹಕ್ಕೆ ಭಾವನೆ ಬೇಕೇ ಬೇಕು. ಆದರೆ ಪುರಾವೆ ಇರಬೇಕಾದ ಜಾಗದಲ್ಲಿ ಭಾವನೆ ಬಂದು ಕೂತಿದೆಯೇ ಎಂಬುದು ಈಗ ಕಣ್ಣಿಗೆ ಬೀಳುತ್ತದೆ. ಸಾವಿರ ಪದಗಳಲ್ಲಿ ಮೂರರಿಂದ ಐದು ಮುಖ್ಯ ಹೇಳಿಕೆ ಇದ್ದರೆ ಹದ. ಹನ್ನೆರಡು ಇದ್ದರೆ ಯಾವುದಕ್ಕೂ ಸಾಕಷ್ಟು ಆಧಾರ ಸಿಕ್ಕಿರುವುದಿಲ್ಲ.

ಹೇಳಿಕೆ ಎಂಥದು ಎಂಬುದನ್ನೂ ಅಂಚಿನಲ್ಲಿ ಬರೆಯಿರಿ. ‘ಇಷ್ಟು ಮರ ಕಡಿದರು’ ಎಂಬುದು ಸಂಗತಿ, ದಾಖಲೆ ಕೇಳುತ್ತದೆ. ‘ಇದರಿಂದ ಪ್ರವಾಹ ಬಂತು’ ಎಂಬುದು ಕಾರಣ, ಹೇಗೆ ಎಂಬ ವಿವರಣೆ ಕೇಳುತ್ತದೆ. ‘ಕಾಡು ಮೆಟ್ರೋಗಿಂತ ಮುಖ್ಯ’ ಎಂಬುದು ಮೌಲ್ಯ, ಹೋಲಿಕೆಯ ಸಮರ್ಥನೆ ಕೇಳುತ್ತದೆ. ‘ನಿಷೇಧ ತರಬೇಕು’ ಎಂಬುದು ಕ್ರಮದ ಸೂಚನೆ. ಆ ಕ್ರಮ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಪುರಾವೆ ಕೇಳುತ್ತದೆ. ಈ ನಾಲ್ಕನೆಯದರಲ್ಲಿ ಮಕ್ಕಳಷ್ಟೇ ದೊಡ್ಡವರೂ ಎಡವುತ್ತಾರೆ. ‘ಮಹಾರಾಷ್ಟ್ರದಲ್ಲಿ 2018ರಲ್ಲಿ ಪ್ಲಾಸ್ಟಿಕ್ ನಿಷೇಧ ಬಂತು’ ಎಂಬುದು ಕಾನೂನು ಬಂದದ್ದಕ್ಕೆ ಪುರಾವೆ. ಪ್ಲಾಸ್ಟಿಕ್ ಕಡಿಮೆಯಾದದ್ದಕ್ಕೆ ಪುರಾವೆ ಅಲ್ಲ.

ಹೊಗೆ, ಬೆಂಕಿ, ಅಡುಗೆಮನೆ

ನಮ್ಮ ನ್ಯಾಯಶಾಸ್ತ್ರದ ಹಳೆಯ ಉದಾಹರಣೆ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಬೆಟ್ಟದಲ್ಲಿ ಬೆಂಕಿ ಇದೆ, ಇದು ಪ್ರತಿಜ್ಞೆ. ಹೊಗೆ ಕಾಣುತ್ತಿದೆ, ಇದು ಹೇತು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಕಂಡ ಹಾಗೆ, ಇದು ಉದಾಹರಣೆ. ಹೇತುವನ್ನು ಪ್ರತಿಜ್ಞೆಗೆ ಕಟ್ಟುವ ಹಗ್ಗ ಈ ಮೂರನೆಯದು. ಪರಿಸರ ಪ್ರಬಂಧಗಳಲ್ಲಿ ಹೊಗೆ ಧಾರಾಳವಾಗಿರುತ್ತದೆ, ಹಗ್ಗ ಇರುವುದಿಲ್ಲ.

ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ. ಎಡಕ್ಕೆ ಹೇಳಿಕೆ, ಬಲಕ್ಕೆ ಪುರಾವೆ, ನಡುವೆ ‘ಆದ್ದರಿಂದ ಹೇಗೆ?’ ಎಂಬ ಕೊಂಡಿ. ಕೊಂಡಿಯನ್ನು ಲೇಖಕರ ಮಾತಿನಲ್ಲೇ ತುಂಬಬೇಕು. ತೀರ್ಪುಗಾರರು ಮಾಡುವ ದೊಡ್ಡ ತಪ್ಪು ಇಲ್ಲೇ ಆಗುತ್ತದೆ. ವಿಷಯ ಗೊತ್ತಿರುವುದರಿಂದ ನಾವೇ ಮನಸ್ಸಿನಲ್ಲಿ ಕೊಂಡಿ ಕಟ್ಟಿಕೊಂಡು ಲೇಖಕರಿಗೆ ಅಂಕ ಕೊಟ್ಟುಬಿಡುತ್ತೇವೆ. ನಡುವಿನ ಕಲಂ ಖಾಲಿ ಇದ್ದರೆ ಖಾಲಿಯಾಗಿಯೇ ಬಿಡಿ.

ಒಂದು ಪ್ಯಾರಾ ಬಿಡಿಸಿ ನೋಡೋಣ

ಅಭ್ಯಾಸಕ್ಕೆಂದೇ ಕಟ್ಟಿದ ಪ್ಯಾರಾ ಇದು:

‘ಮೆಟ್ರೋ ಕಾರ್‌ಶೆಡ್‌ಗಾಗಿ ಆರೆಯಲ್ಲಿ 2,646 ಮರಗಳನ್ನು ರಾತ್ರೋರಾತ್ರಿ ಕಡಿದರು. ಆರೆ ಮುಂಬೈಯ ಶ್ವಾಸಕೋಶ. ಒಂದು ಮರ ನಾಲ್ಕು ಜನರಿಗೆ ಆಮ್ಲಜನಕ ಕೊಡುತ್ತದೆ. ಮರ ಕಡಿದದ್ದರಿಂದಲೇ ಇಂದು ಮುಂಬೈಯ ಗಾಳಿ ಕೆಟ್ಟಿದೆ. ಆದ್ದರಿಂದ ನಗರದಲ್ಲಿ ಇನ್ನು ಒಂದು ಮರವನ್ನೂ ಕಡಿಯಕೂಡದು.’

ಓದಲು ಬಿಗಿಯಾಗಿದೆ. ಈಗ ಒಂದೊಂದೇ ಸಾಲು. 2019ರ ಆಗಸ್ಟ್‌ನಲ್ಲಿ ಪಾಲಿಕೆಯ ವೃಕ್ಷ ಪ್ರಾಧಿಕಾರ ಕೊಟ್ಟ ಒಪ್ಪಿಗೆ 2,185 ಮರ ಕಡಿಯಲು ಮತ್ತು 461 ಮರ ಬೇರೆಡೆ ನೆಡಲು. ಎರಡೂ ಕೂಡಿದರೆ 2,646. ಅಕ್ಟೋಬರ್ 4ರ ರಾತ್ರಿ ಶುರುವಾದ ಕಡಿತವನ್ನು 7ರಂದು ಸುಪ್ರೀಂ ಕೋರ್ಟ್ ತಡೆಯಿತು. ಅಷ್ಟರಲ್ಲಿ 2,141 ಮರ ಕಡಿದಾಗಿದೆ ಎಂದು ಮೆಟ್ರೋ ನಿಗಮ ಹೇಳಿತು. ಅಂದರೆ ಅನುಮತಿಯ ಒಟ್ಟು ಸಂಖ್ಯೆಯನ್ನು ಲೇಖಕರು ಕಡಿದ ಸಂಖ್ಯೆ ಮಾಡಿದ್ದಾರೆ. 2,141 ಎಂದು ಬರೆದು, ಅದು ನಿಗಮದ ಹೇಳಿಕೆ ಎಂದು ಸೇರಿಸಿದ್ದರೆ ವಾದದ ಕಾವು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ. ಎರಡು ಸಾವಿರ ಮರ ಸಣ್ಣ ಮಾತಲ್ಲ.

‘ಶ್ವಾಸಕೋಶ’ ರೂಪಕ, ಪುರಾವೆಯ ಬಣ್ಣ ಬಳಿಯಬೇಡಿ. ಅದರ ಬೆನ್ನಿಗೆ ಬಂದ ಆಮ್ಲಜನಕದ ಲೆಕ್ಕ ರೂಪಕವನ್ನು ಅಕ್ಷರಶಃ ನಂಬಿದ್ದರ ಫಲ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21. ನಗರದ ಕೆಲವು ಸಾವಿರ ಮರ ಬಂದರೂ ಹೋದರೂ ಅದು ಬದಲಾಗುವುದಿಲ್ಲ. ಮರದ ಬೆಲೆ ಬೇರೆ ಕಡೆ ಇದೆ: ನೆರಳು, ತಂಪು, ದೂಳು ತಡೆಯುವ ಎಲೆ, ಮಳೆನೀರು ಇಂಗಿಸುವ ಬೇರು, ಹಕ್ಕಿ ಮತ್ತು ಚಿರತೆಗಳ ಬದುಕು. ಆರೆ ಮಿಠಿ ನದಿಯ ಜಲಾನಯನದಲ್ಲಿದೆ. ಪಕ್ಕದಲ್ಲೇ ನೂರು ಚದರ ಕಿ.ಮೀ.ಗೂ ಮಿಕ್ಕಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಬಲವಾದ ಪುರಾವೆ ಕೈಯಳತೆಯಲ್ಲಿದ್ದಾಗ ಲೇಖಕರು ದುರ್ಬಲವಾದದ್ದನ್ನು ಆಯ್ದಿದ್ದಾರೆ. ಇದನ್ನು ಷರಾದಲ್ಲಿ ಬರೆಯಲೇಬೇಕು.

ನಾಲ್ಕನೇ ಸಾಲಿನ ‘ಕಡಿದದ್ದರಿಂದಲೇ’ ಎಂಬುದರ ‘ಲೇ’ ಅಕ್ಷರದ ಕೆಳಗೆ ಗೆರೆ ಎಳೆಯಿರಿ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಇಂಥ ಜಾಗಕ್ಕೇ ಹೇಳಿದ್ದು. ಮುಂಬೈಯ ಗಾಳಿಗೆ ವಾಹನದ ಹೊಗೆ, ಕಟ್ಟಡ ಕಾಮಗಾರಿಯ ದೂಳು, ಕಸ ಸುಡುವುದು, ಚಳಿಗಾಲದಲ್ಲಿ ಗಾಳಿ ಮಂದವಾಗುವುದು ಎಲ್ಲ ಸೇರುತ್ತವೆ. ಕೊನೆಯ ಸಾಲಿನ ‘ಒಂದು ಮರವನ್ನೂ’ ಎಂಬುದಂತೂ ಒಂದು ಜಾಗದ ಪುರಾವೆಯಿಂದ ಇಡೀ ನಗರಕ್ಕೆ ನಿಯಮ ಮಾಡಿದೆ. ಮಳೆಗಾಲಕ್ಕೆ ಮುನ್ನ ರಸ್ತೆ ಮೇಲೆ ಬಾಗಿರುವ ಒಣಮರದ ಗತಿ ಏನು ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ.

ಸಂಖ್ಯೆಯನ್ನು ವಿಚಾರಿಸಿ

ಎಲ್ಲ ಸಂಖ್ಯೆಗಳನ್ನೂ ಪರೀಕ್ಷಿಸಲು ಹೋಗಬೇಡಿ. ಯಾವ ಸಂಖ್ಯೆ ಬಿದ್ದರೆ ವಾದವೇ ಬೀಳುತ್ತದೋ ಅಂಥ ಎರಡನ್ನು ಆರಿಸಿ. ಎಲ್ಲಿಯದು, ಯಾವಾಗಿನದು, ಯಾವ ಅಳತೆಯಲ್ಲಿ, ಯಾವ ವ್ಯಾಖ್ಯೆಯಲ್ಲಿ, ಯಾವುದಕ್ಕೆ ಹೋಲಿಸಿ ಎಂದು ಕೇಳಿ.

ಎಲ್ಲಿಯದು ಎಂಬುದಕ್ಕೆ ಮುಂಬೈಯವರಿಗೆ ಮರೆಯಲಾಗದ ಉದಾಹರಣೆ 2005ರ ಜುಲೈ 26. ‘ಆ ದಿನ ಮುಂಬೈಯಲ್ಲಿ 944 ಮಿ.ಮೀ. ಮಳೆ ಬಿತ್ತು’ ಎಂದು ಎಲ್ಲರೂ ಬರೆಯುತ್ತಾರೆ. ಅದು ಸಾಂತಾಕ್ರೂಜ್ ಕೇಂದ್ರದ 24 ಗಂಟೆಗಳ ಲೆಕ್ಕ. ಅದೇ ಅವಧಿಯಲ್ಲಿ ಕೊಲಾಬಾ ಕೇಂದ್ರದಲ್ಲಿ ಬಿದ್ದದ್ದು ಸುಮಾರು 74 ಮಿ.ಮೀ. ಒಂದೇ ನಗರ, ಒಂದೇ ದಿನ. ಜಾಗದ ಹೆಸರಿಲ್ಲದ ಮಳೆಯ ಲೆಕ್ಕಕ್ಕೆ ಅರ್ಧ ಅಂಕವೇ ಸರಿ.

ಅದೇ ಪ್ರವಾಹಕ್ಕೆ ‘ಪ್ಲಾಸ್ಟಿಕ್ ಚೀಲಗಳೇ ಕಾರಣ’ ಎಂದು ಬರೆದಿದ್ದರೆ ಕಾಗದದ ಅಂಚಿನಲ್ಲೇ ಲೆಕ್ಕ ಮಾಡಿ ನೋಡಬಹುದು. ನಗರದ ಹಳೆಯ ಮಳೆನೀರು ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ ಸುಮಾರು 25 ಮಿ.ಮೀ. ಮಳೆಗೆ, ಅದೂ ಸಮುದ್ರ ಇಳಿತದಲ್ಲಿದ್ದಾಗ. ಇದನ್ನು 50ಕ್ಕೆ ಏರಿಸಬೇಕೆಂದು 1993ರಲ್ಲೇ ಬ್ರಿಮ್‌ಸ್ಟೋವಾಡ್ ಎಂಬ, ನಗರದ ಮಳೆನೀರು ಚರಂಡಿಗಳ ಕುರಿತ ವರದಿ ಹೇಳಿತ್ತು. 25ನ್ನು 24ರಿಂದ ಗುಣಿಸಿದರೆ 600. ಚರಂಡಿಯಲ್ಲಿ ಒಂದೇ ಒಂದು ಚೀಲ ಇಲ್ಲದೆ, ಇಡೀ ದಿನ ಇಳಿತವೇ ಇದ್ದು, ಮಳೆ ಸಮವಾಗಿ ಸುರಿದಿದ್ದರೂ 944 ಮಿ.ಮೀ. ಹಿಡಿಯುತ್ತಿರಲಿಲ್ಲ. ಆ ದಿನ ಉಬ್ಬರವೂ ಇತ್ತು, ಮಳೆಯೂ ಬಹುಪಾಲು ಮಧ್ಯಾಹ್ನದ ನಂತರ ಕೆಲವೇ ಗಂಟೆಗಳಲ್ಲಿ ಸುರಿಯಿತು. ಪ್ಲಾಸ್ಟಿಕ್ ಸಿಕ್ಕಿಕೊಂಡು ನಾಲೆಗಳು ಕಟ್ಟಿಕೊಂಡಿದ್ದವು ಎಂಬುದು ನಿಜ, ಅದು ಕಾರಣಗಳಲ್ಲಿ ಒಂದು. ‘ಒಂದು ಕಾರಣ’ ಎಂದು ಬರೆದವರಿಗೆ ಪೂರ್ತಿ ಅಂಕ, ‘ಏಕೈಕ ಕಾರಣ’ ಎಂದವರಿಗೆ ಇಲ್ಲ.

ವ್ಯಾಖ್ಯೆಯ ಪ್ರಶ್ನೆ ಕಾಡಿನ ಲೆಕ್ಕದಲ್ಲಿ ಬರುತ್ತದೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ 2023ರ ವರದಿಯ ಪ್ರಕಾರ ದೇಶದ ಅರಣ್ಯ ಹೊದಿಕೆ ಶೇ. 21.76, ಹೊರಗಿನ ಬಿಡಿ ಮರಗಳನ್ನೂ ಸೇರಿಸಿದರೆ ಶೇ. 25.17. ಹಿಂದಿನ ವರದಿಯ ಮೊದಲ ಅಂಕೆಯ ಪಕ್ಕ ಈ ವರದಿಯ ಎರಡನೇ ಅಂಕೆ ಇಟ್ಟರೆ ಕಾಡು ದಿಢೀರನೆ ಬೆಳೆದಂತೆ ಕಾಣುತ್ತದೆ. ಸಾಲದ್ದಕ್ಕೆ, ಒಂದು ಹೆಕ್ಟೇರ್‌ಗಿಂತ ಕಡಿಮೆಯಿಲ್ಲದ ಜಾಗದಲ್ಲಿ ಮರದ ನೆತ್ತಿಗಳು ನೆಲದ ಶೇ. 10ರಷ್ಟನ್ನು ಮುಚ್ಚಿದ್ದರೆ ಆ ವರದಿಗೆ ಅದು ಅರಣ್ಯ ಹೊದಿಕೆ, ಒಡೆಯರು ಯಾರೇ ಇರಲಿ. ಕಾಫಿ ತೋಟ, ತೆಂಗಿನ ತೋಟ ಎಲ್ಲ ಅದರಲ್ಲಿ ಸೇರುತ್ತವೆ. ‘ಕಾಡು ಹೆಚ್ಚಾಗಿದೆ’ ಎಂದವರೂ ‘ಕಾಡು ನಾಶವಾಗಿದೆ’ ಎಂದವರೂ ಯಾವುದನ್ನು ಕಾಡು ಎಂದಿದ್ದಾರೆ ಎಂದು ನೋಡಿ.

ಅಳತೆಗೋಲಿನ ಗೊಂದಲ ಹೆಚ್ಚಾಗಿ ಗಾಳಿಯ ಗುಣಮಟ್ಟದ ಸೂಚ್ಯಂಕದಲ್ಲಿ. 24 ಗಂಟೆಗಳ ಸರಾಸರಿಯಲ್ಲಿ ಪಿಎಂ 2.5, ಎಂದರೆ ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣ, ಪ್ರತಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ ಇದ್ದರೆ ಭಾರತದ ಸೂಚ್ಯಂಕ 100, ‘ಸಮಾಧಾನಕರ’. ಅದೇ ಗಾಳಿ ಅಮೆರಿಕದ ಸೂಚ್ಯಂಕದಲ್ಲಿ 150 ದಾಟುತ್ತದೆ, ‘ಅನಾರೋಗ್ಯಕರ’. ಮೊಬೈಲ್ ಆಪ್‌ಗಳು ಎರಡನ್ನೂ ತೋರಿಸುತ್ತವೆ. ದೆಹಲಿಗೆ ಒಂದು ಆಪ್, ಮುಂಬೈಗೆ ಇನ್ನೊಂದು ಆಪ್ ನೋಡಿ ಹೋಲಿಸಿದ್ದರೆ ಆ ಹೋಲಿಕೆಗೆ ಬೆಲೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ ವರ್ಷದ ಸರಾಸರಿ 5, ಭಾರತದ್ದು 40. ‘ಮಿತಿಗಿಂತ ಇಷ್ಟು ಪಟ್ಟು’ ಎಂದರೆ ಯಾವ ಮಿತಿ ಎಂದು ಹೇಳಿರಬೇಕು.

ಗೋವಾದ ಕನ್ನಡಿಗರು ಮಹದಾಯಿ ಬಗ್ಗೆ ಬರೆದರೆ ತೀರ್ಪುಗಾರರು ಇನ್ನೂ ಎಚ್ಚರವಾಗಿರಬೇಕು, ಏಕೆಂದರೆ ಇಲ್ಲಿ ಓದುವವರ ಮನಸ್ಸೂ ಎರಡು ಕಡೆ ಜಗ್ಗುತ್ತದೆ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ್ದು 13.42 ಟಿಎಂಸಿ. ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಮಾತ್ರ ಮಲಪ್ರಭೆಗೆ ತಿರುಗಿಸಲು. 8.02 ವಿದ್ಯುತ್ತಿಗೆ, 1.5 ಕಣಿವೆಯೊಳಗಿನ ಬಳಕೆಗೆ. ‘ಕರ್ನಾಟಕ 13.42 ಟಿಎಂಸಿ ತಿರುಗಿಸಿಕೊಳ್ಳುತ್ತದೆ’ ಎಂದು ಗೋವಾ ಪರವಾಗಿ ಬರೆದರೂ ತಪ್ಪು. ‘ಕುಡಿಯುವ ನೀರಿಗೆ 13.42 ಸಿಕ್ಕಿತು’ ಎಂದು ಕರ್ನಾಟಕದ ಪರವಾಗಿ ಬರೆದರೂ ಅದೇ ತಪ್ಪು.

ಮೂಲದ ಬೆನ್ನು ಹತ್ತಿ

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಪ್ರಸಿದ್ಧ ಸಂಸ್ಥೆಯ ಹೆಸರಿದ್ದರೂ ಈ ಅಪಾಯ ತಪ್ಪಿದ್ದಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗಬಹುದು ಎಂಬ ಸಾಲು ಸೇರಿತ್ತು. ಬೆನ್ನು ಹತ್ತಿದಾಗ ಆ ಸಾಲು ಒಂದು ಸ್ವಯಂಸೇವಾ ಸಂಸ್ಥೆಯ ವರದಿಯಿಂದ, ಅಲ್ಲಿಗೆ ಒಂದು ಪತ್ರಿಕೆಯ 1999ರ ಸುದ್ದಿಯಿಂದ ಬಂದಿತ್ತು. ತಜ್ಞರ ಪರಿಶೀಲನೆಗೆ ಒಳಗಾದ ಸಂಶೋಧನೆ ಮೂಲದಲ್ಲಿ ಇರಲೇ ಇಲ್ಲ. 2010ರ ಜನವರಿಯಲ್ಲಿ ಸಮಿತಿ ತಪ್ಪು ಒಪ್ಪಿಕೊಂಡಿತು. ಹಿಮನದಿಗಳು ಕರಗುತ್ತಿರುವುದು ನಿಜ. ಆದರೂ ಆ ಒಂದು ಇಸವಿ ಹವಾಮಾನ ಬದಲಾವಣೆಯನ್ನೇ ಅಲ್ಲಗಳೆಯುವವರ ಕೈಗೆ ಕೋಲು ಕೊಟ್ಟಿತು.

‘ತಜ್ಞರ ಸಮಿತಿ ಹೇಳಿದೆ’ ಎಂಬುದೂ ಸಾಲದು. ಪಶ್ಚಿಮ ಘಟ್ಟಕ್ಕೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿ ಇಡೀ ಘಟ್ಟವನ್ನು ಮೂರು ದರ್ಜೆಯ ಸೂಕ್ಷ್ಮ ವಲಯಗಳಾಗಿ ನೋಡಿತು. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಸುಮಾರು ಶೇ. 37ಕ್ಕೆ ಅದನ್ನು ಸೀಮಿತಗೊಳಿಸಿತು. ಯಾವ ಸಮಿತಿ ಎಂದು ಹೇಳದಿದ್ದರೆ ಪುರಾವೆ ಎರಡೂ ಕಡೆ ವಾಲುತ್ತದೆ.

ಉದ್ಧರಣೆಗಳಲ್ಲಿ ಎರಡು ಪದೇಪದೇ ಬರುತ್ತವೆ. ಜೇನ್ನೊಣ ಇಲ್ಲವಾದರೆ ಮನುಷ್ಯನಿಗೆ ನಾಲ್ಕೇ ವರ್ಷ ಎಂದು ಐನ್‌ಸ್ಟೈನ್ ಹೇಳಿದ್ದಕ್ಕೆ ದಾಖಲೆ ಇಲ್ಲ. ಭೂಮಿ ಮನುಷ್ಯನದಲ್ಲ, ಮನುಷ್ಯನೇ ಭೂಮಿಯವನು ಎಂಬ, ಆದಿವಾಸಿ ನಾಯಕ ಸಿಯಾಟಲ್‌ನ ಹೆಸರಿನ ಜನಪ್ರಿಯ ಭಾಷಣ 1970ರ ದಶಕದ ಆರಂಭದಲ್ಲಿ ಟೆಡ್ ಪೆರಿ ಎಂಬ ಚಿತ್ರಕಥೆಗಾರ ಬರೆದ ರೂಪ. ಇವುಗಳಿಗೆ ಶೈಲಿಯ ಅಂಕ ಕೊಡಬಹುದು, ಪುರಾವೆಯ ಅಂಕ ಕೊಡುವಂತಿಲ್ಲ.

ಮರಾಠಿಯಿಂದ, ಹಿಂದಿಯಿಂದ ಕನ್ನಡಕ್ಕೆ ಬರುವಾಗ

ಇದು ಮುಂಬೈ ಕನ್ನಡಿಗರಿಗೇ ವಿಶೇಷವಾದ ತೊಡಕು. ಮೂಲ ಮರಾಠಿ ಪತ್ರಿಕೆಯದು, ಪ್ರಬಂಧ ಕನ್ನಡದ್ದು. ಮರಾಠಿಯ ‘ಅಬ್ಜ’ ಎಂದರೆ ನೂರು ಕೋಟಿ. ಮಕ್ಕಳು ಅದನ್ನು ಒಂದು ಕೋಟಿ ಮಾಡುವುದುಂಟು. ಪಾಲಿಕೆಯ ನೀರು ಸರಬರಾಜು ದಿನಕ್ಕೆ ಸುಮಾರು 3,850 ದಶಲಕ್ಷ ಲೀಟರ್. ಕನ್ನಡದಲ್ಲಿ 385 ಕೋಟಿ ಎಂದು ಬರೆಯಬೇಕು, 3,850 ಲಕ್ಷ ಎಂದು ಬರೆದರೆ ಹತ್ತರಲ್ಲಿ ಒಂದು ಪಾಲಾಯಿತು. ಹೆಕ್ಟೇರ್ ಎಂದರೆ 2.47 ಎಕರೆ. ಹಿಂದಿಯ ‘ಅನುಮಾನ್’ ಎಂದರೆ ಅಂದಾಜು. ‘ವಿಜ್ಞಾನಿಗಳ ಅನುಮಾನದಂತೆ’ ಎಂದು ಕನ್ನಡದಲ್ಲಿ ಬರೆದರೆ ವಿಜ್ಞಾನಿಗಳಿಗೇ ಸಂಶಯ ಎಂಬ ಅರ್ಥ ಬರುತ್ತದೆ. ಇಂಥ ತಪ್ಪು ಕಂಡರೆ ಭಾಷೆಯ ಕಲಂನಲ್ಲಿ ಕಳೆಯಿರಿ, ಸುಳ್ಳು ಪುರಾವೆ ಎಂದು ಭಾವಿಸಬೇಡಿ.

ಸ್ವಂತ ಕಣ್ಣಿನ ಪುರಾವೆ

ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು. ಜಾಲತಾಣದಿಂದ ಎತ್ತಿದ ಹತ್ತು ಅಂಕಿಗಳಿಗಿಂತ ವಿದ್ಯಾರ್ಥಿ ತಾನೇ ಎಣಿಸಿದ ಒಂದು ಅಂಕಿಯ ಬೆಲೆ ಹೆಚ್ಚು. ಚಾಳಿನ ಇಪ್ಪತ್ತು ಮನೆಗಳಲ್ಲಿ ಒಂದು ವಾರ ಹಸಿ ಕಸ, ಒಣ ಕಸ ಬೇರೆ ಮಾಡಿದವರೆಷ್ಟು ಎಂದು ಎಣಿಸಿರಬಹುದು. ನಾಲಾಸಫಾಯಿ ಆದ ಮೇಲೆ ತೆಗೆದ ಹೂಳು ಎಷ್ಟು ದಿನ ದಡದಲ್ಲೇ ಬಿದ್ದಿತ್ತು, ಮಳೆಗೆ ಮತ್ತೆ ಒಳಗೆ ಹೋಯಿತೇ ಎಂದು ಗಮನಿಸಿರಬಹುದು. ಕೋಳಿವಾಡದ ಮೀನುಗಾರ ಹೆಂಗಸರನ್ನು ಬಲೆಗೆ ಈಗ ಏನು ಬೀಳುತ್ತದೆ ಎಂದು ಕೇಳಿರಬಹುದು. ಇಂಥದಕ್ಕೆ ಪೂರ್ತಿ ಅಂಕ ಕೊಡಲು ದಿನಾಂಕ, ಜಾಗ, ಎಷ್ಟು ಸಲ ಮತ್ತು ಎಷ್ಟು ಜನ ಎಂಬ ವಿವರ ಇರಬೇಕು, ತೀರ್ಮಾನ ಆ ಇಪ್ಪತ್ತು ಮನೆಗಳ ಹೊಸಿಲು ದಾಟಿ ಇಡೀ ಮುಂಬೈಗೆ ಹರಡಿರಬಾರದು.

ಎದುರಿನ ಪುರಾವೆ

ಎದುರು ಪಕ್ಷದ ಅತ್ಯಂತ ಬಲವಾದ ಮಾತನ್ನು ಲೇಖಕರು ಎತ್ತಿಕೊಂಡಿದ್ದಾರೆಯೇ? ಬಟ್ಟೆ ಚೀಲದ ಪರ ಬರೆದವರಿಗೆ ಡೆನ್ಮಾರ್ಕ್‌ನ ಪರಿಸರ ಇಲಾಖೆಯ 2018ರ ಅಧ್ಯಯನ ಅಂಥದು. ಸಾವಯವ ಹತ್ತಿಯ ಚೀಲವನ್ನು 20,000 ಸಲ ಬಳಸಿದರೆ ಮಾತ್ರ ಪ್ಲಾಸ್ಟಿಕ್ ಚೀಲಕ್ಕೆ ಸಮ ಎಂದು ಅದನ್ನು ಉಲ್ಲೇಖಿಸುತ್ತಾರೆ. ಆ ಸಂಖ್ಯೆ ಎಲ್ಲ ಬಗೆಯ ಪರಿಣಾಮಗಳನ್ನೂ ಸರಿಗಟ್ಟಲು. ಹವಾಮಾನ ಒಂದನ್ನೇ ನೋಡಿದರೆ 149 ಸಲ ಸಾಕು. ಬೀದಿಗೆ, ಸಮುದ್ರಕ್ಕೆ ಎಸೆದ ಚೀಲದ ಹಾನಿಯನ್ನು ಆ ಅಧ್ಯಯನ ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಮುಂಬೈಯ ತಲೆನೋವು ಇರುವುದೇ ಅಲ್ಲಿ. ಇಷ್ಟನ್ನು ಹೇಳಿ, ಹಳೆ ಸೀರೆಯ ಚೀಲ ಹೊಸ ಹತ್ತಿಯನ್ನೇ ಬೇಡುವುದಿಲ್ಲ ಎಂದು ಸೇರಿಸಿದ ವಿದ್ಯಾರ್ಥಿಯ ವಾದ ಅಲುಗುವುದಿಲ್ಲ. ಆ ಅಧ್ಯಯನವನ್ನು ಮುಚ್ಚಿಟ್ಟವರ ವಾದ ಮೊದಲ ಪ್ರಶ್ನೆಗೇ ಅಲುಗುತ್ತದೆ.

ಅಂಕ ಮತ್ತು ಷರಾ

ಪುರಾವೆಗೆ 20 ಅಂಕ ಇಟ್ಟುಕೊಂಡರೆ ಹೇಳಿಕೆಗೂ ಪುರಾವೆಗೂ ಹೊಂದಿಕೆ 6, ಸಂಖ್ಯೆ ಮತ್ತು ಮೂಲದ ನಿಖರತೆ 5, ಕೊಂಡಿ 5, ಎದುರಿನ ಪುರಾವೆ 4. ಸ್ಥಳದಲ್ಲೇ ಬರೆಯುವ ಸ್ಪರ್ಧೆಯಾದರೆ ನಿಖರತೆಯ 5ರಲ್ಲಿ 3ನ್ನು ಕೊಂಡಿಗೆ ವರ್ಗಾಯಿಸಿ, ಪುಸ್ತಕ ಮೊಬೈಲ್ ಇಲ್ಲದೆ ದಶಮಾಂಶ ನೆನಪಿಡಿ ಎನ್ನುವುದು ನ್ಯಾಯವಲ್ಲ. ವಾದಕ್ಕೆ ಧಕ್ಕೆ ಬಾರದ ಸಣ್ಣ ತಪ್ಪಿಗೆ, ಉದಾಹರಣೆಗೆ ತಿಂಗಳು ಒಂದು ಹಿಂದುಮುಂದಾದದ್ದಕ್ಕೆ, ಅರ್ಧ ಅಂಕಕ್ಕಿಂತ ಹೆಚ್ಚು ಕಳೆಯಬೇಡಿ. ಇಬ್ಬರು ತೀರ್ಪುಗಾರರ ಅಂಕದಲ್ಲಿ 4ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರು ಕಲಂನ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಹುಪಾಲು ಸಲ ಒಬ್ಬರು ಖಾಲಿ ಕೊಂಡಿಯನ್ನು ತಾವೇ ತುಂಬಿರುತ್ತಾರೆ. ತೀರ್ಮಾನ ನಮಗೆ ಪ್ರಿಯವಾಗಿದ್ದಾಗ ಹೀಗಾಗುವುದು ಹೆಚ್ಚು. ಆದ್ದರಿಂದ ನೀವು ಪೂರ್ತಿ ಒಪ್ಪುವ ಪ್ರಬಂಧವನ್ನು ಬೆಳಿಗ್ಗೆ ದಣಿವಿಲ್ಲದಾಗ ತಿದ್ದಿ.

ಷರಾ ಬರೆಯುವಾಗ ‘ಪುರಾವೆ ಸಾಲದು’ ಎಂದಷ್ಟೇ ಬರೆದರೆ ಬರೆದವರಿಗೆ ಏನೂ ಸಿಗುವುದಿಲ್ಲ. ಯಾವ ಸಾಲು, ಏನು ಕೊರತೆ, ಎಲ್ಲಿ ಸಿಗುತ್ತದೆ ಎಂಬ ಮೂರನ್ನೂ ಹೇಳಿ: ‘ಮೂರನೇ ಪ್ಯಾರಾದ 944 ಮಿ.ಮೀ. ಸಾಂತಾಕ್ರೂಜ್‌ನದು, ಹೆಸರು ಸೇರಿಸು. ಪ್ಲಾಸ್ಟಿಕ್ ಜೊತೆಗೆ ಚರಂಡಿಯ ಅಳತೆ, ಉಬ್ಬರ ಎರಡನ್ನೂ ನೋಡು. ಹವಾಮಾನ ಇಲಾಖೆಯ ಮಳೆ ದಾಖಲೆ, ಪಾಲಿಕೆಯ ಉಬ್ಬರ–ಇಳಿತದ ಪಟ್ಟಿ ಎರಡೂ ಸಾರ್ವಜನಿಕವಾಗಿ ಸಿಗುತ್ತವೆ.’